ಪ್ರವಾಸದ ಬಸ್ಸು ಅಡ್ಯನಡ್ಕದಲ್ಲೂ ನಿಲ್ಲಲಿ

ಸುಗ್ಗಿ ಮುಗಿದ ಮೇಲೆ ಊರಿನವರೆಲ್ಲ ಸೇರಿ ಬಸ್ಸು ಮಾಡಿಕೊಂಡು ದಕ್ಷಿಣ ಕನ್ನಡಕ್ಕೆ ಹೊರಡುವುದು ಬಯಲುಸೀಮೆಯ ಕಡೆ ವಾಡಿಕೆ. ಬೆಳ್ತಂಗಡಿ ತಾಲ್ಲೂಕಿನಲ್ಲಿ ಧರ್ಮಸ್ಥಳದ ದರ್ಶನ, ವೇಣೂರಿನ ಗೊಮ್ಮಟ, ಮುಂದೆ ಮೂಡಬಿದಿರೆಯ ಸಾವಿರ ಕಂಬದ ಬಸದಿ, ಸಂಜೆಗೆ ಮಂಗಳೂರಿನ ಕಡಲು. ಇದು ಬೇಡವೆನ್ನುವುದಿಲ್ಲ. ಆದರೆ ಇದನ್ನು ಕೃಷಿ ಪ್ರವಾಸವೆಂದು ಕರೆಯಬೇಕಾದರೆ, ಒಂದು ಇಡೀ ದಿನವನ್ನು ಒಂದೇ ಹಳ್ಳಿಗೆ ಮೀಸಲಿಡಬೇಕು. ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದ ಅಡ್ಯನಡ್ಕ ಅಂಥದೊಂದು ಊರು. ಕಲ್ಲಡ್ಕದಿಂದ ವಿಟ್ಲದ ಮೇಲೆ ಕಾಸರಗೋಡಿನ ಕಡೆಗೆ ಹೋಗುವ ರಸ್ತೆಯಲ್ಲಿ, ಕೇರಳದ ಗಡಿಗೆ ಹತ್ತಿರದಲ್ಲಿದೆ.

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ನೀರಿನ ಪಾಠವೇ ಎಂದು ನೀವು ಕೇಳಬಹುದು. ಆ ಮಳೆಯ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದು ಹರಿದುಹೋಗುತ್ತದೆ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿಯ ಚಾರ್ಮಾಡಿ, ದಿಡುಪೆ ಕಡೆ ನೆರೆಗೆ ತೋಟಗಳೊಳಗೆ ಮರಳೇ ನುಗ್ಗಿತು. ಆದರೂ ಬೇಸಿಗೆ ಬಲಿತಾಗ ಗುಡ್ಡದ ಮಗ್ಗುಲಿನ ತೋಟದವರ ಚಿಂತೆ ನಮ್ಮ ಚಿಂತೆಯಂತೆಯೇ.

ಈ ಭಾಗದವರು ಹಿಂದಿನಿಂದ ನೆಚ್ಚಿಕೊಂಡದ್ದು ಸುರಂಗವನ್ನು. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಗುಡ್ಡವನ್ನು ಬದಿಯಿಂದ ಅಡ್ಡಲಾಗಿ, ಒಬ್ಬ ಮನುಷ್ಯ ನುಗ್ಗುವಷ್ಟು ಅಗಲಕ್ಕೆ ಪಿಕಾಸಿಯಿಂದ ಕೊರೆಯುತ್ತಾ ಹೋಗುತ್ತಾರೆ. ಒರತೆ ಸಿಕ್ಕಿದರೆ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಒಂದು ಮಣ್ಣಿನ ಕಟ್ಟೆ, ಒಂದು ಕೊಳವೆ, ಕೆಳಗೊಂದು ತೊಟ್ಟಿ. ಪಂಪೂ ಇಲ್ಲ, ಕರೆಂಟೂ ಇಲ್ಲ.

ಅಮೈ ಮಹಾಲಿಂಗ ನಾಯ್ಕರು ಇಲ್ಲಿಯವರು. ಪರರ ಅಡಿಕೆ, ತೆಂಗಿನ ಮರ ಹತ್ತಿ ದುಡಿಯುತ್ತಿದ್ದವರಿಗೆ ಬೋಳುಗುಡ್ಡದಲ್ಲಿ ಎರಡು ಎಕರೆ ದೊರೆಯಿತು. ಕೂಲಿ ಮುಗಿಸಿ ಬಂದು, ದೀಪ ಹಿಡಿದು ಒಬ್ಬರೇ ಕೊರೆದರು. ಐದು ಸುರಂಗಗಳಲ್ಲಿ ನೀರಿಲ್ಲ, ಆರನೆಯದರಲ್ಲಿ ಬಂತು. 2022ರಲ್ಲಿ ಪದ್ಮಶ್ರೀಯೂ ಬಂತು. ಎಲ್ಲರೂ ಅವರ ಛಲವನ್ನು ಹೊಗಳಿದರು, ತಕ್ಕದ್ದೇ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಲೆಕ್ಕಾಚಾರ. ಐದು ಸಲ ಸೋತಾಗ ಹೋದದ್ದು ಅವರ ಮೈಬೆವರು. ನಮ್ಮಲ್ಲಿ ಒಂದು ಕೊಳವೆಬಾವಿ ಬತ್ತಿದರೂ ಸಾಲ ಬತ್ತುವುದಿಲ್ಲ.

ಹಾಗೆಂದು ಊರಿಗೆ ಮರಳಿ ಗುದ್ದಲಿ ಹಿಡಿಯಬೇಡಿ. ಕಪ್ಪು ನೆಲದಲ್ಲಿ, ಗಟ್ಟಿ ಬಂಡೆಯಲ್ಲಿ ಸುರಂಗ ನಡೆಯದು. ಗೊತ್ತಿಲ್ಲದವರು ಕೊರೆದರೆ ಕುಸಿತದ ಅಪಾಯವೂ ಉಂಟು. ನೋಡಿ ಕಲಿಯಬೇಕಾದ್ದು ಗುಡ್ಡವನ್ನು ಓದುವ ಬಗೆ: ಬೇಸಿಗೆಯಲ್ಲೂ ಯಾವ ಮಗ್ಗುಲು ಹಸಿರಾಗಿದೆ, ಮಳೆನೀರು ಎಲ್ಲಿ ಇಂಗುತ್ತದೆ, ಇರುವ ನೀರಿಗೆ ತಕ್ಕಂತೆ ಎಷ್ಟು ಗಿಡ ಇಟ್ಟಿದ್ದಾರೆ. ನೀರು ಎಷ್ಟೆಂದು ತಿಳಿಯುವ ಮೊದಲೇ ತೋಟ ಹಾಕುವ ನಮ್ಮ ಅಭ್ಯಾಸಕ್ಕೆ ಇದು ಬೇಕು.

ಹೋಗುವುದಾದರೆ ಏಪ್ರಿಲ್‌ನಲ್ಲೇ ಹೋಗಿ. ಡಿಸೆಂಬರ್‌ನಲ್ಲಿ ಎಲ್ಲರ ತೋಟವೂ ಚೆಂದ. ದಾರಿಯಲ್ಲಿ ವಿಟ್ಲದಲ್ಲಿ 1956ರಲ್ಲಿ ಆರಂಭವಾದ ಅಡಿಕೆ ಸಂಶೋಧನಾ ಕೇಂದ್ರವಿದೆ, ಮೊದಲೇ ಪತ್ರ ಬರೆದು ಒಪ್ಪಿಗೆ ಪಡೆಯಿರಿ. ಹಳ್ಳಿಯ ಮನೆಗೆ ಐವತ್ತು ಜನ ಒಟ್ಟಿಗೆ ನುಗ್ಗದೆ ಹತ್ತು ಹತ್ತು ಜನರಾಗಿ ಹೋಗಿ. ತೋಟ ಸುತ್ತಿಸಿದವರಿಗೆ ಒಂದು ದಿನದ ಕೂಲಿಯನ್ನಾದರೂ ಕೊಟ್ಟು ಬನ್ನಿ. ಅಂದು ಅವರ ಕೆಲಸ ನಿಂತಿರುವುದು ನಿಮ್ಮಿಂದ.