ಕೀಲಿ ನಮ್ಮ ಹೊಲಕ್ಕೆ, ಕೀಲಿಕೈ ಯಾರ ಕೈಯಾಗ?

ಉಳ್ಳವರಿಗೆ ಈಗ ನಮ್ಮ ಮ್ಯಾಲೆ ಎಲ್ಲಿಲ್ಲದ ಕರುಣೆ. ದಲಿತರ ಹೊಲ ದಲಿತರೇ ಮಾರಂಗಿಲ್ಲ, ಇದೆಂಥ ಕಾನೂನು, ತೆಗೆದು ಹಾಕ್ರಿ ಅಂತಾರೆ. ಗೆಳೆಯರೇ, ಕಟ್ಟು ಬಿಚ್ಚಿದ ಮರುದಿನ ಆ ಹೊಲ ಯಾರ ಪಾಲಾಗುತ್ತದೆಂದು ಯಾದಗಿರಿ, ಶಹಾಪುರ, ಸುರಪುರದ ಕೇರಿಗಳಿಗೆ ಗೊತ್ತು. ನಾರಾಯಣಪುರದ ಕಾಲುವೆಯಾಗ ಕೃಷ್ಣೆ ಬಂದ ಮ್ಯಾಲೆ ನಮ್ಮ ಬಂಜರಿಗೂ ಬೆಲೆ ಬಂತು. ಬೆಲೆ ಬಂದಲ್ಲಿ ಕಣ್ಣೂ ಬಿತ್ತು.

1978ರ ಪಿಟಿಸಿಎಲ್ ಕಾಯ್ದೆ ದೇವರಾಜ ಅರಸರ ಕಾಲದ್ದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ ಆ ಮಾರಾಟವೇ ಶೂನ್ಯ. ಜಮೀನು ಮೂಲ ಒಡೆಯನಿಗೆ ಮರಳಬೇಕು. 1984ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು, ಬಹಳ ತಡವಾಗಿ ಬಂದ ಅರ್ಜಿ ನಡೆಯದು ಅಂದಿತು. ಅಕ್ಷರವನ್ನೇ ಕಾಣದವರು ಎಷ್ಟು ವರ್ಷದೊಳಗೆ ಕಾನೂನು ಓದಬೇಕಿತ್ತು? ಕಾಲಮಿತಿ ಇಲ್ಲವೆಂದು ಬರೆಯಲು 2023ರ ತಿದ್ದುಪಡಿಯೇ ಬೇಕಾಯಿತು.

ಆದ್ದರಿಂದ ಕೀಲಿ ಇರಲಿ. ಆದರೆ ಬರೀ ಕೀಲಿ ಹೊಟ್ಟೆ ತುಂಬಿಸೀತೆ?

ನಮ್ಮ ಮನೆತನಗಳಲ್ಲಿ ಪಹಣಿ ಓದಲು ಬಂದ ಮೊದಲಿಗರು ನಾವು. ಓದಿದರೆ ಹೆಸರು ಅಪ್ಪನದು, ಬೆಳೆ ಸಾವ್ಕಾರನದು! ದವಾಖಾನಿಗೆ, ಲಗ್ನಕ್ಕೆ ಸಾಲ. ಸಾಲಕ್ಕೆ ಹೊಲ ಅವನ ಕೈಗೆ. ನಾವು ಬೆಂಗಳೂರಿಗೆ, ಪುಣೆಗೆ ಗುಳೆ. ಅಲ್ಲಿ ಯಾರದೋ ಹೊಲ ನುಂಗಿ ಏಳುವ ಕಟ್ಟಡಕ್ಕೆ ನಾವೇ ಇಟ್ಟಿಗೆ ಹೊರಬೇಕು.

ಅಮೆರಿಕದಾಗೂ ಹೊಲಕ್ಕೆ ಕೀಲಿ ಹಾಕ್ತಾರೆ. ನ್ಯೂಯಾರ್ಕ್ ರಾಜ್ಯದ ಸಫೋಕ್ ಕೌಂಟಿ 1974ರಲ್ಲೇ ಆ ದಾರಿ ಹಿಡಿಯಿತು. ಅಲ್ಲಿ ರೈತ ಹೊಲ ಮಾರುವುದಿಲ್ಲ; ಅದರ ಮ್ಯಾಲೆ ಲೇಔಟು, ಮಳಿಗೆ ಕಟ್ಟುವ ಹಕ್ಕನ್ನಷ್ಟೇ ಸರ್ಕಾರಕ್ಕೆ ಮಾರುತ್ತಾನೆ. ಕೈಗೆ ರೊಕ್ಕ ಬರುತ್ತದೆ, ಹೊಲ ಹೊಲವಾಗಿಯೇ ಉಳಿಯುತ್ತದೆ. ಮುಂದೆ ಕೊಂಡವನೂ ಅಲ್ಲಿ ಕಟ್ಟಂಗಿಲ್ಲ. ಅಲ್ಲಿಯ ಕೀಲಿಗೆ ಬೆಲೆ ಇದೆ. ನಮ್ಮ ಕೀಲಿ ಪುಕ್ಕಟೆ.

ಅದೂ ಯಾರಿಗೆ? ನಮಗೆ ಮಾತ್ರ. ಬೇಸಾಯ ಕಾಣದವರು ಹೊಲ ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರಲ್ಲಿ ಕಿತ್ತೊಗೆದರು. ಕಡೇಚೂರು-ಬಾಡಿಯಾಳದಾಗ ಕೈಗಾರಿಕೆಗೆಂದು ಮೂರು ಸಾವಿರಕ್ಕೂ ಹೆಚ್ಚು ಎಕರೆ ಸರ್ಕಾರವೇ ಸ್ವಾಧೀನ ಮಾಡಿಕೊಂಡಿತು. ನಾವು ಮಾರಿದರೆ ಅಪರಾಧ, ಸರ್ಕಾರ ಕಸಿದರೆ ಅಭಿವೃದ್ಧಿ!

ನಮ್ಮ ಮಾತು ಇಷ್ಟೇ. ಹೊಲವನ್ನು ಹೊಲವಾಗಿ ಉಳಿಸಿದ್ದಕ್ಕೆ ಬೆಲೆ ಕೊಡ್ರಿ. ದಾನ ಅಲ್ಲ, ಬಿಟ್ಟುಕೊಟ್ಟ ಹಕ್ಕಿನ ಬೆಲೆ. ಸಾವ್ಕಾರನ ಬಾಗಿಲಿಗೆ ಹೋಗದಂತೆ ಕಷ್ಟಕಾಲಕ್ಕೆ ಸಾಲ ಕೊಡ್ರಿ. ಬೆಲೆ ಕೊಟ್ಟು ಕೀಲಿ ಹಾಕಿದ ಹೊಲವನ್ನು ನೀವೂ ಮುಟ್ಟಬ್ಯಾಡ್ರಿ.

ಬೊಕ್ಕಸದಾಗ ರೊಕ್ಕ ಎಲ್ಲಿದೆ ಅಂತೀರಾ? ಹೊಲವನ್ನು ಪ್ಲಾಟು ಮಾಡುವವರಿಂದ ಭೂಪರಿವರ್ತನೆ ಶುಲ್ಕ ಕಟ್ಟಿಸಿಕೊಳ್ತೀರಲ್ಲ, ಅದನ್ನು ತೆಗೀರಿ. ಹೊಲ ಕೊಂದವರ ರೊಕ್ಕ ಹೊಲ ಕಾಯ್ದವರ ಮನೆಗೆ ಬರಲಿ.

ಕೀಲಿ ಇರಲಿ. ಕೀಲಿಕೈ ಮಾತ್ರ ಉಳುವ ಕೈಯಾಗ ಇರಲಿ.