ಮಂತ್ರಿಯಾದ ಹೆಣ್ಣನ್ನು ಏನು ಕೇಳಬೇಕು?

ಹೆಣ್ಣೊಬ್ಬಳು ಮಂತ್ರಿಯಾದಳೆಂದರೆ ನಮ್ಮ ಜನ ಎರಡೇ ಮಾತು ಆಡುತ್ತಾರೆ. ಯಾರ ಮಗಳು, ಯಾರ ಸೊಸೆ ಎಂಬುದು ಒಂದು. ಬಾಯಿ ಜೋರು, ಗಂಡುಬೀರಿ ಎಂಬುದು ಇನ್ನೊಂದು. ಅವಳ ಕೈಯಲ್ಲಿ ಯಾವ ಇಲಾಖೆ ಇತ್ತು, ಅಲ್ಲಿಂದ ಯಾವ ಕಾನೂನು ಹೊರಬಂತು, ಯಾವ ಹೊತ್ತಿನಲ್ಲಿ ಮಾತಾಡಿದಳು, ಯಾವ ಹೊತ್ತಿನಲ್ಲಿ ಸುಮ್ಮನಿದ್ದಳು ಎಂದು ಕೇಳುವವರು ಕಡಿಮೆ. ವರದಕ್ಷಿಣೆಯ ವಿರುದ್ಧ ದನಿಯೆತ್ತಿರುವ ನಾವಾದರೂ ಅದನ್ನು ಕೇಳಬೇಕು. ಮಂಗಳೂರಿನಲ್ಲಿ ಹುಟ್ಟಿದ ಮಾರ್ಗರೆಟ್ ಆಳ್ವ ಅವರ ರಾಜಕೀಯ ಜೀವನವನ್ನು ಈ ಕಣ್ಣಿನಿಂದ ನೋಡಬೇಕೆಂದು ನನ್ನ ಅಪೇಕ್ಷೆ.

ಸೊಸೆ ಎಂಬ ಮಾತು ಅವರಿಗೂ ತಪ್ಪಲಿಲ್ಲ. ಅತ್ತೆ ವಯಲೆಟ್ ಆಳ್ವ ರಾಜ್ಯಸಭೆಯ ಉಪಸಭಾಪತಿಯಾಗಿದ್ದವರು. ಮಾರ್ಗರೆಟ್ 1974ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋದಾಗ ಅವರಿಗೆ 32 ವರ್ಷ. 1998ರವರೆಗೆ ನಾಲ್ಕು ಅವಧಿ ಅಲ್ಲಿದ್ದು, 1999ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಗೆದ್ದರು. ಅತ್ತೆಯ ಹೆಸರು ಬಾಗಿಲು ತೆರೆಸಿರಬಹುದು. ಆದರೆ ಒಳಗೆ ಇಪ್ಪತ್ತನಾಲ್ಕು ವರ್ಷ ನಿಲ್ಲಿಸುವುದು ಹೆಸರೊಂದರಿಂದ ಆಗುವ ಕೆಲಸವಲ್ಲ.

ನಮಗೆ ಮುಖ್ಯವಾದುದು ರಾಜೀವ್ ಗಾಂಧಿ ಸರ್ಕಾರದ ಕಾಲ. 1985ರಲ್ಲಿ ಕೇಂದ್ರದಲ್ಲಿ ಮಹಿಳೆ ಮತ್ತು ಮಕ್ಕಳಿಗೆಂದೇ ಪ್ರತ್ಯೇಕ ಇಲಾಖೆ ಆಯಿತು. ಆಳ್ವ ಅದರ ರಾಜ್ಯ ಸಚಿವೆ. ಆ ಅವಧಿಯಲ್ಲಿ, 1986ರಲ್ಲಿ, 1961ರ ವರದಕ್ಷಿಣೆ ನಿಷೇಧ ಕಾನೂನಿಗೆ ಹಲ್ಲು ಬಂತು. ಮದುವೆಯಾದ ಏಳು ವರ್ಷದೊಳಗೆ ಹೆಣ್ಣು ಸುಟ್ಟು ಸತ್ತರೆ, ಅಥವಾ ಬೇರಾವುದೇ ರೀತಿಯಲ್ಲಿ ಅಸಹಜವಾಗಿ ಸತ್ತರೆ, ಸಾವಿಗೆ ತುಸು ಮುಂಚೆ ವರದಕ್ಷಿಣೆಗಾಗಿ ಹಿಂಸೆ ನಡೆದಿತ್ತೆಂದು ತೋರಿಸಿಕೊಟ್ಟರೆ, ಅದು ವರದಕ್ಷಿಣೆ ಸಾವು. ಶಿಕ್ಷೆ ಕನಿಷ್ಠ ಏಳು ವರ್ಷ. ತಾವು ನಿರಪರಾಧಿಗಳೆಂದು ತೋರಿಸುವ ಹೊರೆ ಗಂಡನ ಮನೆಯವರ ಮೇಲೆ. ಅಲ್ಲಿಯವರೆಗೆ 'ಸ್ಟವ್ ಸಿಡಿಯಿತು' ಎಂಬ ಒಂದೇ ಮಾತಿನಲ್ಲಿ ಎಷ್ಟು ಹೆಣ್ಣುಮಕ್ಕಳ ಕಥೆ ಮುಗಿದುಹೋಗುತ್ತಿತ್ತು! 304ಬಿ ಎಂದು ನಾವು ಬಾಯಿಪಾಠ ಮಾಡಿದ್ದ ಆ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 80ನೇ ಸೆಕ್ಷನ್ ಆಗಿದೆ. 498ಎ ಈಗ 85 ಮತ್ತು 86. ಸಂಘದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಅದೇ ತಿದ್ದುಪಡಿಯಲ್ಲಿ ಇನ್ನೊಂದು ಸಂಗತಿ ಇದೆ, ನಮ್ಮಲ್ಲಿ ಬಹಳ ಜನಕ್ಕೆ ತಿಳಿಯದು. ಕೊಡುವವರೂ ಅಪರಾಧಿಗಳೇ ಎಂದು ಹೆದರಿ ಹೆಣ್ಣಿನ ತಾಯಿ ತಂದೆ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ನೊಂದವರು ಕೊಟ್ಟ ಹೇಳಿಕೆಯನ್ನು ಹಿಡಿದು ಅವರ ಮೇಲೆಯೇ ಈ ಕಾನೂನಿನಡಿ ಮೊಕದ್ದಮೆ ಹೂಡುವಂತಿಲ್ಲ ಎಂದು 1986ರಲ್ಲೇ ಬರೆದಾಗಿದೆ.

ಇದು ಮಂತ್ರಿಯೊಬ್ಬರ ಕೊಡುಗೆ ಎಂದು ನಾನು ಹೇಳಲಾರೆ. ಮಗಳನ್ನು ಕಳೆದುಕೊಂಡು ದೆಹಲಿಯ ಬೀದಿಗಿಳಿದ ತಾಯಂದಿರು, ಬೆಂಗಳೂರಿನ ವಿಮೋಚನಾದಂಥ ಸಂಘಟನೆಗಳು ಏಳೆಂಟು ವರ್ಷ ಕೂಗಿದ ಮೇಲೆ ಬಂದ ಕಾನೂನು ಇದು. ಆದರೂ ಆ ಕುರ್ಚಿಯಲ್ಲಿ ನಮ್ಮ ಮಾತು ಅರ್ಥವಾಗುವ ಒಬ್ಬರು ಕುಳಿತಿದ್ದು ಸಣ್ಣ ಸಂಗತಿಯಲ್ಲ.

ಈಗ ಅದೇ 1986ರ ಮತ್ತೊಂದು ಮುಖ. ಇಂದೋರಿನ ಶಾ ಬಾನೊ ಎಂಬ ಮುದುಕಿಗೆ ತಿಂಗಳಿಗೆ 179 ರೂಪಾಯಿ 20 ಪೈಸೆ ಜೀವನಾಂಶ ಕೊಡಬೇಕೆಂಬುದನ್ನು ಸುಪ್ರೀಂ ಕೋರ್ಟು 1985ರ ಏಪ್ರಿಲ್‌ನಲ್ಲಿ ಎತ್ತಿಹಿಡಿದಿತ್ತು. ನಾಲ್ಕು ದಶಕಕ್ಕೂ ಮೀರಿ ಸಂಸಾರ ಮಾಡಿ ತಲಾಖ್ ಪಡೆದ ಹೆಂಗಸಿಗೆ 179 ರೂಪಾಯಿ! ಧಾರ್ಮಿಕ ಮುಖಂಡರ ಒತ್ತಡಕ್ಕೆ ಮಣಿದ ಸರ್ಕಾರ ಆ ತೀರ್ಪನ್ನು ಬದಿಗೆ ಸರಿಸುವ ಕಾನೂನು ತಂದಿತು. ಪ್ರತಿಭಟಿಸಿ ಮಂತ್ರಿಗಿರಿ ಬಿಟ್ಟವರು ಆರಿಫ್ ಮೊಹಮ್ಮದ್ ಖಾನ್, ಒಬ್ಬ ಗಂಡಸು. ಮಹಿಳಾ ಇಲಾಖೆಯ ಸಚಿವೆ ಸರ್ಕಾರದಲ್ಲೇ ಉಳಿದರು. ಮುಂದೆ 2001ರಲ್ಲಿ ಸುಪ್ರೀಂ ಕೋರ್ಟೇ ಆ ಕಾನೂನನ್ನು ಹೆಂಗಸರ ಪರವಾಗಿ ಅರ್ಥೈಸಿತು, ನಿಜ. ಆದರೆ ನಡುವಿನ ಹದಿನೈದು ವರ್ಷ?

ಒಳಗಿದ್ದರೆ ನಾಲ್ಕು ಒಳ್ಳೆಯ ಕೆಲಸ ಮಾಡಬಹುದು ಎಂಬ ವಾದ ಇದೆ. ಸುಳ್ಳೂ ಅಲ್ಲ. 1988ರಲ್ಲಿ ಆ ಇಲಾಖೆಯಿಂದ ಬಂದ ಮಹಿಳೆಯರ ರಾಷ್ಟ್ರೀಯ ಮುನ್ನೋಟ ಯೋಜನೆ ಪಂಚಾಯ್ತಿಗಳಲ್ಲಿ ಹೆಣ್ಣಿಗೆ ಶೇ. 30 ಸ್ಥಾನ ಬೇಕೆಂದಿತು. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ಮೂರನೇ ಒಂದು ಪಾಲು ಕೊಟ್ಟಿತು. (ನಮ್ಮ ಕರ್ನಾಟಕ 1983ರ ಕಾಯ್ದೆಯಲ್ಲೇ ಶೇ. 25 ಕೊಟ್ಟಿತ್ತೆಂಬುದನ್ನು ದೆಹಲಿಯವರು ಮರೆಯುತ್ತಾರೆ.) ಆದರೂ ಶಾ ಬಾನೊ ಲೆಕ್ಕ ಇದರಿಂದ ತೀರುವುದಿಲ್ಲ. ಹೆಂಗಸರ ಹೆಸರಿನ ಇಲಾಖೆ ಹಿಡಿದವರು ಹೆಂಗಸರ ಅನ್ನ ಕಸಿಯುವ ಹೊತ್ತಿನಲ್ಲಿ ಪಕ್ಷದ ಸೊಸೆಯಾಗಿ ಉಳಿಯಬಾರದಿತ್ತು.

ಅವರ ಸುತ್ತ ಹೆಚ್ಚು ಗದ್ದಲ ಎದ್ದದ್ದು ಮಾತ್ರ ಇದಕ್ಕಲ್ಲ, 2008ರಲ್ಲಿ. ಆ ವರ್ಷದ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಟಿಕೆಟ್‌ಗಳು ಮಾರಾಟವಾದವು ಎಂದು ಅವರು ಬಹಿರಂಗವಾಗಿ ಹೇಳಿದರು. ಪಕ್ಷ ಅಲ್ಲಗಳೆಯಿತು, ಪ್ರಧಾನ ಕಾರ್ಯದರ್ಶಿ ಸ್ಥಾನ ಹೋಯಿತು. ಮಗನಿಗೆ ಟಿಕೆಟ್ ಸಿಗದ ಹೊಟ್ಟೆಯುರಿ ಎಂದು ಜನ ಆಡಿಕೊಂಡರು. ಮಗನಿಗೆ ಟಿಕೆಟ್ ಸಿಕ್ಕಿರಲಿಲ್ಲ ಎಂಬುದು ನಿಜವೇ. ಸಿಕ್ಕಿದ್ದರೆ ಮಾತಾಡುತ್ತಿದ್ದರೋ ಇಲ್ಲವೋ, ನನಗೂ ಅನುಮಾನ. ಆದರೆ ಟಿಕೆಟ್ ಮಾರಿದ್ದು ಹೌದೋ ಅಲ್ಲವೋ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಮುಳುಗಿಹೋಯಿತು. ಠಾಣೆಗೆ ಹೋದ ಸೊಸೆಗೆ ಊರು ಕೇಳುವುದೂ ಇದನ್ನೇ ಅಲ್ಲವೆ? 'ಇಷ್ಟು ದಿನ ಸುಮ್ಮನಿದ್ದು ಈಗ್ಯಾಕೆ ಬಾಯಿ ಬಿಟ್ಟೆ?' ಹೊಡೆದರೋ ಇಲ್ಲವೋ ಎಂದು ಮಾತ್ರ ಯಾರೂ ಕೇಳುವುದಿಲ್ಲ. ವ್ಯತ್ಯಾಸವೂ ಇದೆ. ಸೊಸೆಗೆ ಹೋಗಲು ಬೇರೆ ಸೂರಿರುವುದಿಲ್ಲ, ಅವಳ ಮೌನ ಹೆದರಿಕೆಯದು. ಅಧಿಕಾರದಲ್ಲಿದ್ದವರ ಮೌನವನ್ನು ಅಷ್ಟು ಸುಲಭವಾಗಿ ಒಪ್ಪಲಾಗದು.

ಮರುವರ್ಷವೇ ಅವರನ್ನು ಉತ್ತರಾಖಂಡಕ್ಕೆ ರಾಜ್ಯಪಾಲರಾಗಿ ಕಳಿಸಿದರು. ಬಾಯಿ ಮಾಡುವ ಹಿರಿಸೊಸೆಗೆ ಮಹಡಿಯ ಮೇಲೆ ದೊಡ್ಡ ಕೋಣೆ ಕೊಟ್ಟಂತೆ ನನಗೆ ಕಾಣುತ್ತದೆ. 2022ರಲ್ಲಿ ವಿರೋಧ ಪಕ್ಷಗಳ ಉಪರಾಷ್ಟ್ರಪತಿ ಅಭ್ಯರ್ಥಿಯಾಗಿ 182 ಮತ ಪಡೆದು ಸೋತರು.

ಇಂದಿಗೂ ದೇಶದಲ್ಲಿ ವರ್ಷವೊಂದಕ್ಕೆ 6,000ಕ್ಕೂ ಮಿಗಿಲಾದ ವರದಕ್ಷಿಣೆ ಸಾವುಗಳು ದಾಖಲಾಗುತ್ತಿವೆ. 1986ರ ತಿದ್ದುಪಡಿ ವರದಕ್ಷಿಣೆ ನಿಷೇಧ ಅಧಿಕಾರಿಗಳನ್ನು ನೇಮಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ನಿಮ್ಮ ತಾಲ್ಲೂಕಿನ ಸಂಘಗಳ ಸಮಾವೇಶಕ್ಕೆ ಮಂತ್ರಿಣಿಯೊಬ್ಬರು ಬಂದಾಗ ಹಾರ ಹಾಕಿ, ಬೇಡವೆನ್ನುವುದಿಲ್ಲ. ಹಾರ ಹಾಕಿದ ಮೇಲೆ ಕೇಳಿ: ಅಮ್ಮಾ, ನಮ್ಮ ತಾಲ್ಲೂಕಿಗೆ ಆ ಅಧಿಕಾರಿ ಯಾರು, ಎಲ್ಲಿ ಕೂರುತ್ತಾರೆ, ಹೋದ ವರ್ಷ ಎಷ್ಟು ದೂರು ತೆಗೆದುಕೊಂಡರು?