ಹಿಮಾಲಯಕ್ಕೆ ಹೋಗಲು ನಮಗೆ ರಜೆಯುಂಟೆ?

2015ರಲ್ಲಿ ತೆರೆಕಂಡ ‘ಎವಡೇ ಸುಬ್ರಮಣ್ಯಂ’ ಎಂಬ ತೆಲುಗು ಚಿತ್ರವನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ನಾಗ್ ಅಶ್ವಿನ್ ಅವರ ಮೊದಲ ನಿರ್ದೇಶನ, ನಾನಿ ನಾಯಕ. ಕಂಪನಿ ವ್ಯವಹಾರದಲ್ಲಿ ಮೇಲೇರುವುದೇ ಬಾಳೆಂದು ನಂಬಿದ್ದ ತರುಣನೊಬ್ಬ, ಗೆಳೆಯನನ್ನು ಕಳೆದುಕೊಂಡ ಮೇಲೆ ಹಿಮಾಲಯದ ದೂಧ್ ಕಾಶಿಗೆ ಹೋಗಿ ತನ್ನನ್ನು ತಾನು ಕಂಡುಕೊಳ್ಳುತ್ತಾನೆ. ಚಿತ್ರ ನಗಿಸುತ್ತದೆ. ಹಣವೇ ಸರ್ವಸ್ವವಲ್ಲವೆಂದು ಹಣವಂತನಿಗೇ ಹೇಳುತ್ತದೆ. ಅಷ್ಟರಮಟ್ಟಿಗೆ ಮೆಚ್ಚೋಣ.

ಆದರೆ ಬಂಧುಗಳೇ, ಪಾಂಡವಪುರದ ಸಕ್ಕರೆ ಕಾರ್ಖಾನೆಯ ಕಾರ್ಮಿಕ ಇದೇ ಹುಡುಕಾಟಕ್ಕೆ ಹೊರಟರೆ? ಕಬ್ಬು ಅರೆಯುವ ಹಂಗಾಮಿನಲ್ಲಿ ಪಾಳಿ ಬಿಟ್ಟರೆ ಅವನಿಗೆ ಸಿಗುವುದು ಆತ್ಮಜ್ಞಾನವಲ್ಲ, ಸಂಬಳದ ಕಡಿತ. ಆ ಸಹಕಾರಿ ಕಾರ್ಖಾನೆ ವರ್ಷಗಟ್ಟಲೆ ನಿಂತುಹೋಗಿ, 2020ರಲ್ಲಿ 40 ವರ್ಷಗಳ ಗುತ್ತಿಗೆಗೆ ಖಾಸಗಿಯವರ ಕೈಸೇರಿತು. ನಿಂತಿದ್ದಾಗ ಕಾರ್ಮಿಕನಿಗೆ ಬಿಡುವೇನೋ ಇತ್ತು. ಒಲೆ ಉರಿಯದ ಮನೆಯ ಬಿಡುವನ್ನು ಬಿಡುವೆನ್ನಬಹುದೆ? ಕೆ.ಆರ್. ಪೇಟೆಯ ಚಿಲ್ಲರೆ ಅಂಗಡಿಯವನ ಪಾಡೂ ಬೇರೆಯಲ್ಲ. ಎಂಟು ದಿನ ಬಾಗಿಲು ಹಾಕಿದರೆ ಗಿರಾಕಿ ಪಕ್ಕದಂಗಡಿಗೆ. ಬಡ್ಡಿಯವನು ಮಾತ್ರ ತಪ್ಪದೆ ಇವನ ಬಾಗಿಲಿಗೆ.

“ಬಡವನಿಗೇಕೆ ಈ ಪ್ರಶ್ನೆ? ಇದು ಹೊಟ್ಟೆ ತುಂಬಿದವರ ಆಟ” ಎನ್ನುವವರು ನಮ್ಮಲ್ಲೂ ಇದ್ದಾರೆ. ಅನ್ನ ಕಸಿದದ್ದು ಮೊದಲ ಅನ್ಯಾಯವಾದರೆ, ಇದು ಎರಡನೆಯದು. ರಾತ್ರಿ ಪಾಳಿಯಲ್ಲಿ ಯಂತ್ರದ ಮುಂದೆ ನಿಂತವನಿಗೂ “ಯಾರಿಗಾಗಿ ಈ ಬಾಳು?” ಎನ್ನಿಸುತ್ತದೆ. ನಮ್ಮ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು, ಗುರು ಗುಟ್ಟಾಗಿ ಕೊಟ್ಟ ಮಂತ್ರವನ್ನು ತಿರುಕ್ಕೋಷ್ಟಿಯೂರಿನ ಗೋಪುರವೇರಿ ಎಲ್ಲರಿಗೂ ಕೂಗಿ ಹೇಳಿದರೆಂಬ ಐತಿಹ್ಯವಿದೆ. ಬಾಳಿನ ಅರ್ಥ ಕೆಲವರ ಖಾಸಗಿ ಸೊತ್ತಲ್ಲ.

ಅದನ್ನು ಹುಡುಕಲು ಬೇಕಾದುದು ಹಿಮಾಲಯವಲ್ಲ, ಹೊತ್ತು. 1886ರಲ್ಲಿ ಷಿಕಾಗೋದ ಕಾರ್ಮಿಕರು ಎಂಟು ಗಂಟೆಯ ದುಡಿಮೆಗಾಗಿ ಹೋರಾಡಿದ್ದು ಕೇವಲ ಮೈನೋವಿಗಾಗಿ ಅಲ್ಲ. ದುಡಿಮೆ, ನಿದ್ದೆ ಕಳೆದು ಉಳಿಯುವ ಮೂರನೆಯ ಎಂಟು ಗಂಟೆ ತಮ್ಮದಾಗಬೇಕೆಂದು. ನಮ್ಮ 1948ರ ಕಾರ್ಖಾನೆ ಕಾಯಿದೆ ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿ ಹಾಕಿತು. 2023ರಲ್ಲಿ ಕರ್ನಾಟಕದ ವಿಧಾನಮಂಡಲ ಅದಕ್ಕೆ ತಿದ್ದುಪಡಿ ಮಾಡಿ, ದಿನದ ದುಡಿಮೆಯನ್ನು 12 ಗಂಟೆಯವರೆಗೆ ಎಳೆಯಲು ದಾರಿ ತೆರೆಯಿತು. ವಾರದ ಮಿತಿ ಹಾಗೆಯೇ ಇದೆ, ಕಾರ್ಮಿಕನ ಒಪ್ಪಿಗೆ ಬೇಕು ಎಂಬುದು ಅದರ ಸಮಜಾಯಿಷಿ. ಗೇಟಿನ ಹೊರಗೆ ಕೆಲಸವಿಲ್ಲದವರ ಸಾಲು ನಿಂತಿರುವಾಗ ಒಳಗಿದ್ದವನ ಒಪ್ಪಿಗೆ ಎಂಥ ಒಪ್ಪಿಗೆ? ಹನ್ನೆರಡು ಗಂಟೆ ದುಡಿದು ಬಂದವನು ಹುಡುಕುವುದು ಬಾಳಿನ ಅರ್ಥವನ್ನಲ್ಲ, ಚಾಪೆಯನ್ನು.

ಸುಬ್ರಮಣ್ಯ ದೂಧ್ ಕಾಶಿಗೆ ಸುಖವಾಗಿ ಹೋಗಿಬರಲಿ. ನಮಗೆ ಅಷ್ಟು ದೂರ ಬೇಡ. ಶ್ರೀರಂಗಪಟ್ಟಣದ ಕಾವೇರಿ ದಂಡೆಯೇ ಸಾಕು. ಹೊತ್ತು ಮುಳುಗುವ ಮುನ್ನ ಮನೆ ಸೇರಿ, ಮಗುವನ್ನು ಕರೆದುಕೊಂಡು ಅಲ್ಲಿ ಹೋಗಿ ಕೂರುವಷ್ಟು ಬಿಡುವು ಬೇಕು. ಅದು ಯಾರ ಭಿಕ್ಷೆಯೂ ಅಲ್ಲ, ನಮ್ಮ ಹಕ್ಕು. ಆ ಸಂಜೆಯನ್ನು ಬಿಟ್ಟುಕೊಡಬೇಡಿ.